ನಮ್ಮ ಕಬಡ್ಡಿ ಟೀಮಿನ ಡ್ರೆಸ್ ಹೊಲಿದ ಕಾರ್ಕಳದ ಟೈಲರ್ ಅಕ್ಕ

"ನೆಟ್ಟಗೆ ನಿಲ್ಲಬೇಡ. ಕಾಲು ಹಿಡಿಯೋಕೆ ಹೇಗೆ ಕೂರ್ತೀಯೋ ಹಾಗೆ ಕೂರು." ಟೇಪ್ ಕೈಗೆ ತಗೊಂಡ ಕೂಡಲೇ ಅಕ್ಕ ಹೇಳಿದ್ದು ಇಷ್ಟೇ. ನಾನು ಮಂಡಿ ಮಡಚಿ, ಕೈ ಮುಂದೆ ಚಾಚಿ ಕೂತೆ. ತೊಡೆಯ ಸುತ್ತಳತೆ ತೆಗೆದರು. ನಿಂತಾಗ ಇದ್ದದ್ದಕ್ಕಿಂತ ಎರಡು ಇಂಚು ಜಾಸ್ತಿ! ಆ ಎರಡು ಇಂಚಿಗಾಗಿ ನಾವು ಎರಡು ವರ್ಷ ಒದ್ದಾಡಿದ್ದೆವು.

ನಾನು ಡಿಗ್ರಿ ಕೊನೆಯ ವರ್ಷ. ಮಹಿಳಾ ಕಾಲೇಜಿನ ಟೀಮಿನಲ್ಲಿ ಲೆಫ್ಟ್ ಕಾರ್ನರ್ ಆಡುತ್ತೇನೆ, ಅಂದರೆ ಎಡ ತುದಿಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುವವಳು. ಹಿಂದಿನ ಡ್ರೆಸ್ ಆನ್‌ಲೈನ್‌ನಲ್ಲಿ ತರಿಸಿದ್ದು. ಹುಡುಗರ ಅಳತೆಯದನ್ನೇ ಸ್ವಲ್ಪ ಚಿಕ್ಕದು ಮಾಡಿ ಹುಡುಗಿಯರದು ಅಂತ ಮಾರಿದ್ದರು. ಕತ್ತು ಅಗಲ, ಬಗ್ಗಿದರೆ ಒಂದು ಕೈ ಎದೆ ಮೇಲೇ ಇರಬೇಕು. ಒಂದು ಕೈಯಲ್ಲಿ ಯಾರನ್ನು ಹಿಡಿಯೋದು? ಚಡ್ಡಿ ತೊಡೆಗೆ ಬಿಗಿ, ಸೊಂಟಕ್ಕೆ ಸಡಿಲ. ನಂಬರ್ ಅಂಟಿಸಿದ್ದು ಎರಡೇ ಒಗೆತಕ್ಕೆ ಕಿತ್ತು ಬಂತು. ನಮ್ಮ ರೈಡರ್‌ಳ (ಎದುರಾಳಿ ಅಂಕಣಕ್ಕೆ ನುಗ್ಗುವವಳು) 8 ಅರ್ಧ ಹೋಗಿ 3ರ ಹಾಗೆ ಕಾಣ್ತಿತ್ತು. ಸ್ಕೋರರ್ ಕರೆದು ಕೇಳಿದರು. ಅವಳು ಮ್ಯಾಟ್ ಮೇಲೇ ಅತ್ತುಬಿಟ್ಟಳು.

ಈ ಟೈಲರ್ ಅಂಗಡಿಗೆ ಕಳಿಸಿದ್ದು ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ) ಮೇಡಂ. ಬಸ್ ಸ್ಟ್ಯಾಂಡ್ ಹತ್ತಿರ, ಮೆಟ್ಟಿಲು ಹತ್ತಿ ಹೋಗಬೇಕು, ಬೋರ್ಡ್ ಇಲ್ಲ. ಎರಡು ಮೆಷಿನ್, ಬಟ್ಟೆಯ ಅಂಚು ಹೊಲಿಯೋ ಒಂದು ಓವರ್‌ಲಾಕ್, ಅಷ್ಟೇ. ಗೋಡೆಯಲ್ಲಿ ಪೇಪರ್‌ನಿಂದ ಕತ್ತರಿಸಿ ಅಂಟಿಸಿದ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿಯವರ ಫೋಟೋ. ಇದೇ ತಾಲ್ಲೂಕಿನ ಹೆರ್ಮುಂಡೆಯವರು. 2012ರಲ್ಲಿ ಪಾಟ್ನಾದಲ್ಲಿ ಮಹಿಳಾ ವಿಶ್ವಕಪ್ ಗೆದ್ದ ತಂಡದ ಕ್ಯಾಪ್ಟನ್, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. "ಚಡ್ಡಿ ಹಾಕ್ಕೊಂಡು ಆಡೋದಾ?" ಅಂತ ಮನೆಯಲ್ಲಿ ಕೇಳಿದಾಗ ನಮ್ಮ ಟೀಮಿನ ಎಲ್ಲರೂ ಹೇಳಿದ್ದು ಅವರ ಹೆಸರನ್ನೇ.

ಈಗ ಡ್ರೆಸ್ ವಿಷಯ. ಚಡ್ಡಿಯ ಎರಡೂ ಕಾಲು ಸೇರುವ ಕಡೆ ಅಕ್ಕ ಚೌಕವಾದ ಒಂದು ತುಂಡು ಬಟ್ಟೆ ಸೇರಿಸಿ ಹೊಲಿದಿದ್ದಾರೆ. ಎಷ್ಟು ಕಾಲು ಅಗಲಿಸಿದರೂ ಹೊಲಿಗೆ ಬಿಡುವುದಿಲ್ಲ. ಇಡೀ ಸೀಸನ್ ಆಡಿದ ಮೇಲೆ ಹೇಳುತ್ತಿದ್ದೇನೆ, ಸುಮ್ನೆ ಅಲ್ಲ. ಸೊಂಟಕ್ಕೆ ಅಗಲ ಎಲಾಸ್ಟಿಕ್, ಒಳಗೆ ಲಾಡಿ. ಟೀ ಶರ್ಟ್ ಮೈಗೆ ಹತ್ತಿ ಕೂರುತ್ತದೆ, ಎದುರಾಳಿ ಬೆರಳಿಗೆ ಬಟ್ಟೆ ಸಿಗಲ್ಲ. ನಂಬರ್ ಮುಂದೆ 4 ಇಂಚು, ಬೆನ್ನಿಗೆ 6 ಇಂಚು ಇರಬೇಕು ಅನ್ನೋದನ್ನು ನಾವು ಹೇಳುವ ಮೊದಲೇ ಅವರು ಬರೆದುಕೊಂಡಿದ್ದರು.

ನಾವು ಬಿಳಿ ಚಡ್ಡಿ ಕೇಳಿದ್ದೆವು. ಅಕ್ಕ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು, "ಪಿರಿಯಡ್ಸ್ ಇದ್ದಾಗಲೂ ಮ್ಯಾಚ್ ಇರ್ತದಲ್ವಾ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ದಿನಗಳಲ್ಲಿ ಚಡ್ಡಿ ಮೇಲೆ ಚಡ್ಡಿ ಹಾಕಿ, ಪಾಯಿಂಟ್ ಬಂದಾಗಲೆಲ್ಲ ಗೆಳತಿಗೆ ಬೆನ್ನು ತೋರಿಸಿ "ನೋಡೇ" ಅಂದವರೇ ನಾವೆಲ್ಲ. ಕಡು ನೀಲಿ ಮಾಡಿಸಿದೆವು. ಈಗ ಯಾರೂ ತಿರುಗಿ ನೋಡಿಕೊಳ್ಳೋದಿಲ್ಲ.

ಮ್ಯಾಚ್ ದಿನ ನಮ್ಮಲ್ಲಿ ಒಂದು ಕ್ರಮ ಇದೆ. ಬಸ್ಸಿನಲ್ಲಿ ಸೀನಿಯರ್ ಅಕ್ಕಂದಿರು ಜೂನಿಯರ್‌ಗಳಿಗೆ ಬಿಗಿಯಾಗಿ ಎರಡು ಜಡೆ ಹೆಣೆಯುತ್ತಾರೆ. ಒಂದೇ ನೇಲ್ ಕಟರ್ ಹನ್ನೆರಡು ಜನರ ಕೈ ದಾಟಿ ಬರುತ್ತದೆ, ಉಗುರು ಬಿಟ್ಟು ಆಡುವಂತಿಲ್ಲ. ಓಲೆ, ಬಳೆ, ಗೆಜ್ಜೆ ಎಲ್ಲ ಒಂದು ಸ್ಟೀಲ್ ಡಬ್ಬಿಗೆ. ಅವತ್ತು ಬೆಂಚಿನಲ್ಲಿ ಕೂತವಳೇ ಆ ಡಬ್ಬಿ ಮಡಿಲಲ್ಲಿಟ್ಟು ಕಾಯಬೇಕು. ಕಾಲೇಜು ಬಿಟ್ಟು ಹೋಗುವವಳು ತನ್ನ ನಂಬರನ್ನು ಜೂನಿಯರ್‌ಗೆ ಕೊಟ್ಟು ಹೋಗುತ್ತಾಳೆ. ನನ್ನ 5 ನನಗೆ ಹಾಗೇ ಬಂದದ್ದು. ಇದನ್ನು ಕೇಳಿ ಟೈಲರ್ ಅಕ್ಕ ಬದಿಯ ಹೊಲಿಗೆಯಲ್ಲಿ ಒಳಗಡೆ ಒಂದಿಂಚು ಬಟ್ಟೆ ಬಿಟ್ಟು ಹೊಲಿದರು. ಮುಂದಿನವಳು ದಪ್ಪ ಇದ್ದರೆ ಬಿಚ್ಚಿ ಸರಿ ಮಾಡಬಹುದು. ನನಗೆ ತುಂಬಾ ಹಿಡಿಸಿದ್ದು ಇದೇ.

ಒಂದು ಜೊತೆಗೆ 650 ರೂಪಾಯಿ, ನಂಬರ್ ಸೇರಿ. ಹನ್ನೆರಡು ಜನಕ್ಕೆ 7,800 ಆಯ್ತು. ಅರ್ಧ ಕಾಲೇಜು ಕೊಟ್ಟಿತು, ಉಳಿದದ್ದು ನಾವೇ ಕೂಡಿಸಿದೆವು. ಆನ್‌ಲೈನ್‌ನದಕ್ಕಿಂತ ಜಾಸ್ತಿಯೇ, ಆದರೆ ಅದು ಒಂದು ಸೀಸನ್ನೂ ಸರಿಯಾಗಿ ಬಾಳಲಿಲ್ಲ.

ತೊಂದರೆ ಇಲ್ಲವೇ? ಇದೆ. ಹೇಳಿದ ದಿನಕ್ಕೆ ಕೊಡಲ್ಲ. ನಮಗೆ ಒಂಬತ್ತು ದಿನ ತಡವಾಯಿತು, ಮೊದಲ ಪಂದ್ಯ ಹಳೇ ಡ್ರೆಸ್‌ನಲ್ಲೇ ಆಡಿದೆವು. ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್ ರಾಶಿ ಬಿದ್ದಿರುತ್ತದೆ, ಆಗ ಹೋಗಲೇಬೇಡಿ. ಟೂರ್ನಮೆಂಟಿಗೆ ಎರಡು ತಿಂಗಳು ಮೊದಲೇ ಕೊಡಿ. ಫೋನಿನಲ್ಲಿ ಅಳತೆ ಹೇಳಿದರೆ ಅಕ್ಕ ತಗೊಳ್ಳೋದಿಲ್ಲ, ಟೀಮ್ ಪೂರ್ತಿ ಹೋಗಬೇಕು. ಚೂಡಿದಾರ್ ಹಾಕಿಕೊಂಡು ಹೋಗಬೇಡಿ, ಪ್ರಾಕ್ಟೀಸ್ ಮುಗಿಸಿ ಅದೇ ಬಟ್ಟೆಯಲ್ಲಿ ಹೋಗಿ. ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ.