ಕುದುರೆ ಟ್ರೇಲರ್ ಚಾವಣಿಗೆ ಕಾವು ತಡೆಯುವ ಹೀಟ್ ಶೀಟ್ ಹಾಕಿಸುವವರು ದಯವಿಟ್ಟು ಓದಿ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಇನ್ನೊಂದು ಕುದುರೆಯ ಮೇಲೆ ಹೀಗೆ ಚಾವಣಿ ಕಳಚಿ ಬೀಳಬಾರದು.

ನಮ್ಮದು ಎರಡು ಕುದುರೆ ನಿಲ್ಲುವ ಟ್ರೇಲರ್. ಮೇಲೆ ಬರೀ ತಗಡು. ಮಾರ್ಚ್ ಬಂತೆಂದರೆ ಒಳಗಿನಿಂದ ಮುಟ್ಟಿದರೂ ಕೈ ಚುರ್ ಅನ್ನುತ್ತದೆ. ಅದರ ಜೊತೆ ಕುದುರೆಗಳ ಮೈಬಿಸಿ, ಉಸಿರಿನ ಹಬೆ. ಮೈಸೂರಿನಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ನಮ್ಮ ಹೆಣ್ಣು ಕುದುರೆ ಗೌರಿ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದಳು. ಅದಕ್ಕೇ ಗಾಡಿಗಳ ಬಾಡಿ ಕಟ್ಟುವ ಒಂದು ವರ್ಕ್‌ಶಾಪಿಗೆ ಟ್ರೇಲರ್ ಕೊಟ್ಟೆ.

ತಗಡಿನ ಕೆಳಗೆ ಕಾವು ತಡೆಯುವ 25 ಎಂಎಂ ಪಿಯು (ಪಾಲಿಯುರೆಥೇನ್) ಫೋಮ್, ಅದರ ಕೆಳಗೆ ತೊಳೆಯಲು ಬರುವ ಎಫ್‌ಆರ್‌ಪಿ ಶೀಟ್ (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್), ಎಲ್ಲದಕ್ಕೂ ಅಡ್ಡಪಟ್ಟಿ ಕೊಟ್ಟು ರಿವಿಟ್ ಹೊಡೆಯಬೇಕು. ಮಾತಾಗಿದ್ದು ಇದು. 32,000 ರೂಪಾಯಿ.

ತರಲು ಹೋದಾಗ ಚಾವಣಿಯ ಒಳಗಡೆ ಬೆಳ್ಳಿ ಬಣ್ಣದ ಹಾಳೆ ಮಿಂಚುತ್ತಿತ್ತು. ಎಫ್‌ಆರ್‌ಪಿ ಎಲ್ಲಿ ಅಂತ ಕೇಳಿದೆ. "ಮೇಡಂ, ಇದು ಅದಕ್ಕಿಂತ ಒಳ್ಳೆ ಮಾಲು. ಬಿಸಿಲನ್ನೇ ವಾಪಸ್ ಕಳಿಸುತ್ತೆ. ನಿಮಗೆ ಗೊತ್ತಾಗಲ್ಲ." ನಂಬಿದೆ. ಬಾಕಿ ಹಣ ಕ್ಯಾಶ್ ಕೊಟ್ಟೆ. ಬಿಲ್ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೂರನೇ ಪ್ರಯಾಣ. ಮದ್ದೂರು ದಾಟಿದ ಮೇಲೆ ಹಿಂದಿನಿಂದ ದಬದಬ ಸದ್ದು. ನಿಲ್ಲಿಸಿ ಬಾಗಿಲು ತೆಗೆದರೆ ಹಾಳೆ ಗೌರಿಯ ಕತ್ತಿನ ಮೇಲೆ ಬಿದ್ದಿದೆ, ಅವಳು ಹೆದರಿ ಒದೆಯುತ್ತಿದ್ದಾಳೆ, ಹಿಂಗಾಲಿನಿಂದ ರಕ್ತ. ಹಾಳೆ ಎಳೆದು ತೆಗೆದೆ. ಒಳಗಿನಿಂದ ಬಿಳಿ ಕಾಳು ಉದುರಿದವು. ಥರ್ಮಾಕೋಲ್! ಅದೂ ಹೊಸದಲ್ಲ. ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಮೂಲೆಗೆ ಕೂರಿಸುವ ಗುಳಿ ಇರುವ ತುಂಡು, ಅದು. ಸೋಫಾ ಕೆಲಸಕ್ಕೆ ಹಚ್ಚುವ ಹಳದಿ ಗಮ್ಮಿನಲ್ಲಿ ಅಂಟಿಸಿದ್ದರು. ಆ ಗಮ್ಮು ಥರ್ಮಾಕೋಲನ್ನೇ ಕರಗಿಸಿ ತೂತು ತೂತು ಮಾಡಿತ್ತು. ಚಾವಣಿಯ ಗಾಳಿಕಿಂಡಿಯನ್ನೂ ಮುಚ್ಚಿಬಿಟ್ಟಿದ್ದರು. ಅಂದರೆ ಮೂರು ಪ್ರಯಾಣವೂ ಮೊದಲಿಗಿಂತ ಜಾಸ್ತಿ ಸೆಕೆಯಲ್ಲೇ ನಿಲ್ಲಿಸಿದ್ದೆ ಅವಳನ್ನು.

ಅಲ್ಲಿಂದಲೇ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಮೊದಲ ಮಾತು, "ಬಿಸಿಲಲ್ಲಿ ನಿಲ್ಲಿಸಿದ್ರಾ ಮೇಡಂ?" ಬಿಸಿಲಿಗೆ ಅಂತಲೇ ಅಲ್ವಾ ಹಾಕಿಸಿದ್ದು! ಮಾರನೇ ದಿನ, "ಕುದುರೆ ಉಸಿರಿನ ತೇವಕ್ಕೆ ಗಮ್ ಬಿಟ್ಟಿದೆ." ಫೋಟೋ ಕಳಿಸಿದೆ. "ಕುದುರೆ ತಲೆ ಎತ್ತಿ ಹೊಡೆದಿರುತ್ತೆ, ನಮ್ಮ ಕೆಲಸ ಪಕ್ಕಾ ಇತ್ತು." ಬಿಲ್ ಇದ್ದರೆ ತನ್ನಿ ಅಂದರು. ಬಿಲ್ ಕೊಡದವರೇ ಬಿಲ್ ಕೇಳಿದರು. ಆಮೇಲೆ ಫೋನ್ ಎತ್ತಿಲ್ಲ.

ಗೌರಿಯ ಕಾಲಿಗೆ ಐದು ಹೊಲಿಗೆ.

ದಯವಿಟ್ಟು ಮುಚ್ಚುವ ಮೊದಲು ನೀವೇ ಹೋಗಿ ಒಳಗೆ ಏನು ಹಾಕಿದ್ದಾರೆ ನೋಡಿ, ಫೋಟೋ ತೆಗೆಯಿರಿ. ಮಿಂಚುವ ಹಾಳೆಗೆ ಮರುಳಾಗಬೇಡಿ. ಅದರ ಮುಂದೆ ಗಾಳಿಗೆ ಒಂದಿಷ್ಟು ಜಾಗ ಇದ್ದರೆ ಮಾತ್ರ ಅದು ಕಾವು ತಡೆಯುವುದು. ತಗಡಿಗೆ ಒತ್ತಿ ಅಂಟಿಸಿದರೆ ಕಾವು ನೇರ ಇಳಿಯುತ್ತದೆ. ಬರೀ ಗಮ್ ಅಂದರೆ ಬೇಡವೇ ಬೇಡ, ರಿವಿಟ್ ಹೊಡೆಸಿ. ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತದೆ, ಕುದುರೆ ತಲೆಯ ಮೇಲೆ ಅದು ಬೇಡ. ಗಾಳಿಕಿಂಡಿ ಮುಚ್ಚಲು ಬಿಡಬೇಡಿ. ಕೆಲಸ ನೋಡುವ ಮೊದಲೇ ಪೂರ್ತಿ ಹಣ ಕೊಡಬೇಡಿ. ಬಿಲ್, ಬಿಲ್, ಬಿಲ್.

ಸದ್ಯಕ್ಕೆ ಎಲ್ಲಾ ಕಿತ್ತು ಹಾಕಿ, ಹೊರಗಡೆ ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿದ್ದೇನೆ. ಪ್ರಯಾಣ ಬೆಳಗಿನ ಜಾವ ಮಾತ್ರ. ಆದರೆ ಗೌರಿ ಟ್ರೇಲರ್ ಹತ್ತುತ್ತಿಲ್ಲ. ನಿನ್ನೆ ಬೆಲ್ಲ ಹಿಡಿದು ಒಂದು ಗಂಟೆ ಕರೆದೆ. ರ್‍ಯಾಂಪಿಗೆ ಕಾಲಿಟ್ಟವಳು ಮೇಲೆ ನೋಡಿ ಹಿಂದೆ ಸರಿದಳು.