ಶೋ ತಪ್ಪಿದರೂ ಪರವಾಗಿಲ್ಲ, ಆಮೆಯನ್ನು ಮಾತ್ರ ನೋಡದೆ ಬರಬೇಡಿ

ಆರು ವರ್ಷ ಆದಮೇಲೆ ನಮ್ಮ ಮನೆಯವರೆಲ್ಲ ಒಂದೇ ಕಡೆ ಸೇರಿದ್ದೆವು. ಒಟ್ಟು 19 ಜನ. ಎಲ್ಲರಿಗಿಂತ ದೊಡ್ಡವರು ಗಾಲಿಕುರ್ಚಿಯಲ್ಲಿ ಓಡಾಡುವ 84 ವರ್ಷದ ಅಜ್ಜಿ. ಎಲ್ಲರಿಗಿಂತ ಚಿಕ್ಕವನು ಇನ್ನೂ ಮೂರು ತುಂಬದ ತಂಗಿಯ ಮಗ. ಇಬ್ಬರಿಗೂ ಬೇಜಾರಾಗದ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಸಮುದ್ರ ಪ್ರಾಣಿಗಳ ಪಾರ್ಕಿಗೆ ಹೋಗೋಣ ಅಂದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದವರು ಸಂಜೆ ಮುಚ್ಚುವವರೆಗೂ ಇದ್ದೆವು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಡಿಮೆಯಾದ ಆ ಒಂದು ಅಂಕ ಯಾಕೆ ಅಂತಲೂ ಹೇಳುತ್ತೇನೆ.

ಮೊದಲು ಗೇಟಿನ ವಿಷಯ. ನಾನು 19 ಟಿಕೆಟ್‌ಗಳನ್ನೂ ಒಟ್ಟಿಗೆ ಬುಕ್ ಮಾಡಿದ್ದೆ. ಎಲ್ಲದಕ್ಕೂ ಸೇರಿ ಒಂದೇ ಕೋಡ್ ಬಂತು, ಅದು ನನ್ನ ಫೋನಿನಲ್ಲಿತ್ತು. ಎರಡನೇ ಗಾಡಿಯಲ್ಲಿದ್ದ ಎಂಟು ಜನ ಬರುವುದು ತಡವಾಯಿತು. ಒಬ್ಬರು ಒಳಗೆ ಹೋದರೂ ಇಡೀ ಕೋಡ್ ಬಳಸಿದ ಹಾಗೆ ಲೆಕ್ಕ ಅಂದರು. ಹಾಗಾಗಿ ಎಲ್ಲರೂ ಬಿಸಿಲಲ್ಲಿ 40 ನಿಮಿಷ ನಿಂತೆವು. ಅಜ್ಜಿಯನ್ನಾದರೂ ಒಳಗೆ ನೆರಳಿಗೆ ಬಿಡಿ ಅಂತ ಕೇಳಿದೆ, ಅದಕ್ಕೂ ಆಗಲ್ಲ ಅಂದರು. ಇದು ನನಗೆ ನಿಜಕ್ಕೂ ಬೇಸರ ತಂದಿತು. ನೀವು ದೊಡ್ಡ ಗುಂಪಾಗಿ ಹೋಗುವುದಾದರೆ ಪ್ರತಿಯೊಬ್ಬರಿಗೂ ಬೇರೆ ಕೋಡ್ ಬರುತ್ತಾ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಒಳಗೆ ಹೋದಮೇಲೆ ಆ ಬೇಸರ ಹೆಚ್ಚು ಹೊತ್ತು ಉಳಿಯಲಿಲ್ಲ. ಜನ ಎಲ್ಲ ಶೋ ನಡೆಯುವ ಕಡೆಗೆ ಓಡುತ್ತಿದ್ದರು. ನಾವು ಕುರ್ಚಿ ತಳ್ಳಿಕೊಂಡು ನಿಧಾನವಾಗಿ ಹೋಗುತ್ತಿದ್ದವರು, ದಾರಿಯಲ್ಲಿ ಸೀ ಲಯನ್ (ಸೀಲ್‌ನಂಥ ಸಮುದ್ರ ಪ್ರಾಣಿ) ಕೊಳದ ಹತ್ತಿರ ನಿಂತೆವು. ಅಲ್ಲಿ ಬೆಳಗಿನ ಆರೋಗ್ಯ ತಪಾಸಣೆ ನಡೆಯುತ್ತಿತ್ತು. ಸಂಗೀತ ಇಲ್ಲ, ಮೈಕ್ ಇಲ್ಲ. ರಬ್ಬರ್ ಬೂಟು ಹಾಕಿದ ಒಬ್ಬ ಹುಡುಗಿ, ಅವಳ ಸೊಂಟಕ್ಕೆ ಕಟ್ಟಿದ ಮೀನಿನ ಡಬ್ಬಿ, ಎದುರಿಗೆ ಒಂದು ದೊಡ್ಡ ಗಂಡು ಸೀ ಲಯನ್. ತುದಿಯಲ್ಲಿ ಚೆಂಡಿದ್ದ ಒಂದು ಕೋಲನ್ನು ಅವಳು ಮುಂದೆ ಹಿಡಿದಳು. ಅದು ಬಂದು ಚೆಂಡಿಗೆ ಮೂಗು ತಾಗಿಸಿತು. ತಕ್ಷಣ ಪೀಪಿ ಊದಿದಳು, ಆಮೇಲೆ ಮೀನು ಕೊಟ್ಟಳು. ನೀನು ಈಗ ಮಾಡಿದ್ದು ಸರಿ ಅಂತ ಆ ಕ್ಷಣಕ್ಕೇ ಹೇಳುವುದು ಪೀಪಿಯ ಕೆಲಸವಂತೆ. ಮೀನು ಎರಡು ಸೆಕೆಂಡ್ ತಡವಾದರೂ ಪ್ರಾಣಿಗೆ ಗೊಂದಲ ಆಗುವುದಿಲ್ಲ.

ಆಮೇಲೆ ಅದು ಬಾಯಿ ಅಗಲಿಸಿ ಹಾಗೇ ನಿಂತಿತು. ಅವಳು ಟಾರ್ಚ್ ಹಾಕಿ ಹಲ್ಲು ನೋಡಿದಳು, ವಸಡಿನ ಮೇಲೆ ಬೆರಳಾಡಿಸಿದಳು. ಮುಂದಿನ ರೆಕ್ಕೆಗಾಲು ಎತ್ತಿ ಕೊಟ್ಟಿತು, ಉಗುರು ನೋಡಿದಳು. ಕಣ್ಣಿಗೆ ಔಷಧ ಬಿಟ್ಟಾಗಲೂ ಕದಲಲಿಲ್ಲ. ಬೇಡ ಅನಿಸಿದರೆ ಅದು ಯಾವಾಗ ಬೇಕಾದರೂ ನೀರಿಗೆ ಹೋಗಬಹುದಿತ್ತು, ಹಿಡಿದು ಕಟ್ಟಿರಲಿಲ್ಲ. ನಮ್ಮ ಅತ್ತೆ ನರ್ಸ್ ಆಗಿ ನಿವೃತ್ತರಾದವರು. ಕಟಕಟೆ ಹಿಡಿದುಕೊಂಡು ಕಣ್ಣು ಕದಲಿಸದೆ ನೋಡಿದರು. "ಹೀಗೆ ಒಪ್ಪಿಸಿಕೊಂಡು ಮಾಡಬೇಕು, ಮನುಷ್ಯರಿಗೂ ಅಷ್ಟೇ" ಅಂದರು. ದಿನವಿಡೀ ಅವರ ಬಾಯಲ್ಲಿ ಅದೇ ಮಾತು.

ಇದು ಸೀಲಾ, ಸೀ ಲಯನ್ನಾ ಅಂತ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ವಾದ ಬಂತು. ಅದನ್ನು ಬಿಡಿಸಿದ್ದೂ ಆ ಹುಡುಗಿಯೇ. ತಲೆಯ ಪಕ್ಕ ಪುಟ್ಟ ಕಿವಿ ಮಡಿಕೆ ಕಂಡರೆ ಸೀ ಲಯನ್. ಹಿಂಗಾಲನ್ನು ಮುಂದಕ್ಕೆ ತಿರುಗಿಸಿ ನಾಲ್ಕು ಕಾಲಲ್ಲಿ ನಡೆದರೂ ಸೀ ಲಯನ್. ಸೀಲ್‌ಗೆ ಹೊರಗಿವಿ ಇಲ್ಲ, ನೆಲದ ಮೇಲೆ ಹೊಟ್ಟೆ ಎಳೆದುಕೊಂಡೇ ಹೋಗಬೇಕು.

ಅದೇ ಕೊಳದ ಕೆಳಗಡೆಗೆ ಒಂದು ಇಳಿಜಾರು ದಾರಿ ಇದೆ. ಮೆಟ್ಟಿಲೇ ಇಲ್ಲ. ಕೆಳಗೆ ನೆಲದಿಂದ ಚಾವಣಿವರೆಗೂ ಗಾಜು. ಈ ಪಾರ್ಕನ್ನು ಕಟ್ಟಿದವರಿಗೆ ನಾನು ಮನಸಾರೆ ಥ್ಯಾಂಕ್ಸ್ ಹೇಳುವುದು ಇದಕ್ಕೆ. ಬೇರೆ ಎಷ್ಟೋ ಕಡೆ ಗಾಜು ಶುರುವಾಗುವುದೇ ನಿಂತವರ ಎದೆಮಟ್ಟದಲ್ಲಿ. ಕುರ್ಚಿಯಲ್ಲಿ ಕೂತವರಿಗೂ ಮಕ್ಕಳಿಗೂ ಬರೀ ಗೋಡೆ ಕಾಣುತ್ತದೆ. ಇಲ್ಲಿ ಅಜ್ಜಿ ಮತ್ತು ಮರಿಮೊಮ್ಮಗ ಒಂದೇ ಎತ್ತರದಲ್ಲಿ ನೋಡಿದರು. ಒಂದು ಸೀ ಲಯನ್ ತಲೆಕೆಳಗಾಗಿ ತೇಲಿಕೊಂಡು ಬಂದು ಅಜ್ಜಿಯ ಮುಖದ ಎದುರು ನಿಂತಿತು. ಮೀಸೆ ಕೂದಲು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ನೀರು ಸ್ವಲ್ಪ ಅಲುಗಿದರೂ ಅದು ಆ ಮೀಸೆಯಲ್ಲೇ ತಿಳಿದುಕೊಳ್ಳುತ್ತದೆ. ಅಜ್ಜಿ ಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ಎಡಕ್ಕೆ ಸರಿಸಿದರು. ಅದೂ ತಲೆ ಎಡಕ್ಕೆ ತಿರುಗಿಸಿತು. ಹತ್ತು ನಿಮಿಷ ಇದೇ ಆಟ.

ಮುಟ್ಟಿ ನೋಡುವ ಕೊಳ ಚೆನ್ನಾಗಿದೆ, ಆದರೆ ತುಂಬಾ ಜನ. ಕೈಗೆ ಹಚ್ಚಿದ ಲೋಷನ್ ತೊಳೆದು, ಉಂಗುರ ತೆಗೆದು, ಎರಡು ಬೆರಳು ಚಪ್ಪಟೆಯಾಗಿಟ್ಟು ತಿರಂಡಿ (ಚಪ್ಪಟೆ ಮೈಯ ರೇ) ಮೀನಿನ ಬೆನ್ನು ಸವರಬೇಕು. ನೆನೆದ ಸೋಪಿನ ಹಾಗೆ ನುಣುಪು. ಆ ಲೋಳೆಯೇ ಅದಕ್ಕೆ ರಕ್ಷಣೆ, ಉಜ್ಜಬಾರದು.

ಪೆಂಗ್ವಿನ್ ಮನೆಯಲ್ಲಿ ತಂಗಿಯ ಮಗಳು ಅಳಲು ಶುರು ಮಾಡಿದಳು. ಒಂದು ಪೆಂಗ್ವಿನ್ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ಕುತ್ತಿಗೆ ಹತ್ತಿರ ಹಳೇ ದಿಂಬಿನ ಹತ್ತಿ ಕಿತ್ತು ಬಂದ ಹಾಗೆ ಗರಿ ಕೆದರಿತ್ತು. ಅದಕ್ಕೆ ಹುಷಾರಿಲ್ಲ ಅಂದುಕೊಂಡಳು. ಅಲ್ಲಿದ್ದ ಸಿಬ್ಬಂದಿ ಅವಳ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ವಿವರಿಸಿದರು. ಬೇರೆ ಹಕ್ಕಿಗಳಿಗೆ ಗರಿ ಸ್ವಲ್ಪ ಸ್ವಲ್ಪ ಉದುರಿದರೆ ಪೆಂಗ್ವಿನ್‌ಗೆ ಎಲ್ಲವೂ ಒಟ್ಟಿಗೇ ಉದುರುತ್ತವೆ. ಹೊಸ ಗರಿ ಬರುವ ತನಕ, ಅಂದರೆ ಎರಡು ಮೂರು ವಾರ, ನೀರು ಒಳಗಿಳಿದು ಚಳಿಯಾಗುತ್ತದೆ. ಅದಕ್ಕೇ ನೀರಿಗೆ ಇಳಿಯುವುದಿಲ್ಲ. ಪಾರ್ಕಿನ ಹೊರಗೆ, ತನ್ನ ಪಾಡಿಗೆ ಬದುಕುವ ಪೆಂಗ್ವಿನ್‌ಗಾದರೆ ಆ ದಿನಗಳಲ್ಲಿ ಊಟವೂ ಇಲ್ಲ, ಮೊದಲೇ ಜಾಸ್ತಿ ತಿಂದು ಮೈ ತುಂಬಿಸಿಕೊಂಡಿರುತ್ತದೆ. "ಹೊಸ ಬಟ್ಟೆಗೆ ಕಾಯ್ತಿದೆಯಾ?" ಅಂತ ಕೇಳಿ ಕಣ್ಣೊರೆಸಿಕೊಂಡಳು. ಕೆಲಸದವರು ಇಷ್ಟು ತಾಳ್ಮೆಯಿಂದ ಮಾತಾಡುವುದು ಎಲ್ಲ ಕಡೆ ಸಿಗಲ್ಲ.

ಈಗ ಆ ಕಳೆದುಕೊಂಡ ಅಂಕ. ಅದು ಡಾಲ್ಫಿನ್ ಶೋದ್ದು. ಗಾಲಿಕುರ್ಚಿಗೆ ಇಟ್ಟ ಜಾಗ ಸ್ಪೀಕರ್ ಪಕ್ಕದಲ್ಲೇ. ಅಜ್ಜಿ ಐದೇ ನಿಮಿಷಕ್ಕೆ ಕಿವಿ ಮುಚ್ಚಿಕೊಂಡರು. ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಡಾಲ್ಫಿನ್ ಶಬ್ದದಲ್ಲೇ ಬದುಕುವ ಪ್ರಾಣಿ. ಶಬ್ದ ಕಳಿಸಿ, ಮರಳಿ ಬಂದ ದನಿಯಿಂದ ಎದುರಿಗೇನಿದೆ ಅಂತ ತಿಳಿಯುತ್ತದೆ. ಹೆಸರಿನ ಹಾಗೆ ಪ್ರತಿಯೊಂದಕ್ಕೂ ತನ್ನದೇ ಸೀಟಿ ಇದೆ. ಅಂಥ ಪ್ರಾಣಿಯ ತಲೆ ಮೇಲೆ ಅಷ್ಟು ಜೋರು ಸಂಗೀತ ಯಾಕೆ ಬೇಕು? ಅಕ್ಕನ ಮಗ ನನ್ನ ತೋಳು ಎಳೆದು, "ಇವು ಸಂಜೆ ಸಮುದ್ರಕ್ಕೆ ವಾಪಸ್ ಹೋಗ್ತಾವಾ?" ಅಂತ ಕೇಳಿದ. ಇಲ್ಲ ಕಣೋ ಅಂದೆ. ಅವನು ಆಮೇಲೆ ಚಪ್ಪಾಳೆ ತಟ್ಟಲಿಲ್ಲ, ನಾನೂ ತಟ್ಟಲಿಲ್ಲ. ಡಾಲ್ಫಿನ್‌ಗಳನ್ನು ಕೂಡಿಟ್ಟು ಶೋ ಮಾಡಿಸುವ ಡಾಲ್ಫಿನೇರಿಯಂಗಳಿಗೆ ಅವಕಾಶ ಇಲ್ಲ ಅಂತ ಭಾರತ 2013ರಲ್ಲೇ ಅಂದಿತು. ಡಾಲ್ಫಿನ್ ಜಾತಿಯಲ್ಲೇ ದೊಡ್ಡದಾದ ಓರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುತ್ತೇವೆ ಅಂತ ಅಮೆರಿಕದ ಇಂಥದೇ ಪಾರ್ಕುಗಳ ಕಂಪನಿ ಸೀವರ್ಲ್ಡ್ 2016ರಲ್ಲಿ ಹೇಳಿತು. ಈ ಪಾರ್ಕಿನವರೂ ಆ ದಿಕ್ಕಿಗೆ ಬರಲಿ ಅನ್ನುವುದು ನನ್ನ ಆಸೆ. ಬೆಳಿಗ್ಗೆ ಆ ಹುಡುಗಿ ಒಂದು ಕೋಲು, ಒಂದು ಪೀಪಿ ಹಿಡಿದು ತೋರಿಸಿದ್ದು ಇದರ ಹತ್ತರಷ್ಟು ಚೆನ್ನಾಗಿತ್ತು.

ಶೌಚಾಲಯ ಸ್ವಚ್ಛವಾಗಿದೆ. ನೀರು ತುಂಬಿಸಿಕೊಳ್ಳುವ ನಲ್ಲಿ ಸಾಕಷ್ಟಿವೆ. ನೆರಳು ಕಡಿಮೆ, ಟೋಪಿ ಮರೆಯಬೇಡಿ.

ಕೊನೆಗೆ ರಕ್ಷಣಾ ಕೇಂದ್ರ. ನಕ್ಷೆಯಲ್ಲಿ ತುದಿಗೆ ಚಿಕ್ಕದಾಗಿ ಹಾಕಿದ್ದಾರೆ, ಹಾಗಾಗಿ ಮುಕ್ಕಾಲು ಜನ ಹೋಗುವುದೇ ಇಲ್ಲ. ಅಲ್ಲಿ ಒಂದು ಹಸಿರು ಕಡಲಾಮೆ ಇದೆ. ದೋಣಿ ಬಡಿದು ಚಿಪ್ಪು ಒಡೆದಿತ್ತಂತೆ. ಗಾಯ ವಾಸಿಯಾಯಿತು, ಆದರೆ ಚಿಪ್ಪಿನೊಳಗೆ ಗಾಳಿ ಉಳಿದುಬಿಟ್ಟಿದೆ. ಹಿಂಭಾಗ ಮೇಲಕ್ಕೇ ತೇಲುತ್ತದೆ, ಮುಳುಗಲು ಆಗುವುದಿಲ್ಲ. ಅದಕ್ಕೆ ಚಿಪ್ಪಿನ ಹಿಂದುಗಡೆ ನಾಲ್ಕು ಪುಟ್ಟ ತೂಕದ ತುಂಡು ಅಂಟಿಸಿದ್ದಾರೆ. ಅವು ಇರುವುದರಿಂದ ಅದು ತೊಟ್ಟಿಯ ತಳಕ್ಕೆ ಇಳಿದು ಬಂಡೆ ಕೆಳಗೆ ಮಲಗಬಲ್ಲದು. ಸಮುದ್ರಕ್ಕೆ ಬಿಟ್ಟರೆ ಬದುಕುವುದಿಲ್ಲ, ಇಲ್ಲೇ ಇರಬೇಕು.

ಅಜ್ಜಿ ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ಕೂತಿದ್ದು ಇಲ್ಲೇ. ಒಬ್ಬೊಬ್ಬರಾಗಿ 19 ಜನರೂ ಅವರ ಸುತ್ತ ಸೇರಿದೆವು. ಯಾರೂ ಫೋಟೋಗೆ ಕರೆದಿರಲಿಲ್ಲ. "ಆ ತೂಕ ಕಳಚಿ ಬಿದ್ದರೆ?" ಅಂತ ಅಜ್ಜಿ ಅಲ್ಲಿದ್ದ ಹುಡುಗನನ್ನು ಕೇಳಿದರು. ಚಿಪ್ಪಿನ ಮೇಲ್ಪದರ ಆಗಾಗ ಉದುರುತ್ತದೆ, ಆಗ ತೂಕವೂ ಬೀಳುತ್ತದೆ, ಮತ್ತೆ ಅಂಟಿಸುತ್ತೇವೆ ಅಂದ. ಮುಚ್ಚುವ ಗಂಟೆ ಹೊಡೆಯಿತು. "ಇನ್ನೊಂದು ಸಲ ಕೆಳಗೆ ಹೋಗುತ್ತೆ, ನೋಡಿ ಹೋಗೋಣ" ಅಂದರು ಅಜ್ಜಿ. ಕಾದೆವು. ಆಮೆ ಉಸಿರು ತೆಗೆದುಕೊಂಡು ಮೂತಿ ತಗ್ಗಿಸಿ ಕೆಳಗಿಳಿಯಿತು.