ಪಫ್ ಪ್ಯಾನೆಲ್ ಚಾವಣಿ: ಕಾಟಾದ ಮೇಲಿಟ್ಟು ನೋಡಿಯೇ ಕೊಳ್ಳಿ

ಮೇಲೊಂದು ಕೆಳಗೊಂದು ಬಣ್ಣದ ತಗಡು, ನಡುವೆ 50 ಮಿ.ಮೀ. ದಪ್ಪದ ಪಾಲಿಯುರಿಥೇನ್ ನೊರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದ್ದ ಮನೆಯ ಮೇಲೆ ಇನ್ನೊಂದು ಕೋಣೆ ಎಬ್ಬಿಸುವವರಿಗೆ ಈ ಪಫ್ ಪ್ಯಾನೆಲ್ ಒಳ್ಳೆಯ ಸರಕು. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಬರೀ ತಗಡಿನ ಕೆಳಗೆ ಕೂರಲಾಗದು, ಇದರ ಕೆಳಗೆ ಕೂರಬಹುದು. ಆದರೆ ಈ ಪ್ಯಾನೆಲ್‌ನಲ್ಲಿ ಆಗುವ ಮೋಸವೂ ಕಟ್ಟುವಾಗಿನ ತಪ್ಪೂ ಹೆಚ್ಚಾಗಿ ತೂಕದಲ್ಲೇ ಅಡಗಿರುತ್ತವೆ. ಹಾಗಾಗಿ ಬಣ್ಣ, ವಿನ್ಯಾಸ ಬಿಟ್ಟು ಇಲ್ಲಿ ತೂಕದ ಮಾತನ್ನೇ ಆಡಿದ್ದೇವೆ.

20 ಅಡಿ ಉದ್ದ, 15 ಅಡಿ ಅಗಲದ ಕೋಣೆ ಹಿಡಿಯಿರಿ. ಸುಮಾರು 28 ಚದರ ಮೀಟರ್. ಹಳೆಯ ಮಾಳಿಗೆ ಮನೆಯಂತೆ ಒಂದು ಅಡಿ ಮಣ್ಣು ಹೊದಿಸಿದರೆ, ತೊಲೆ ಜಂತಿ ಬಿಟ್ಟು ಮಣ್ಣೇ 14 ಟನ್. 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಆದರೆ 8.7 ಟನ್. ಪಫ್ ಪ್ಯಾನೆಲ್ ಹೆಚ್ಚುಕಡಿಮೆ 280 ಕೆಜಿ. ಕೆಳಗಿನ ಗೋಡೆ, ಕಂಬ, ಪಾಯಕ್ಕೆ ಇದರಿಂದ ಸಿಗುವ ಬಿಡುವು ದೊಡ್ಡದು.

ಈ 280 ಎಲ್ಲಿಂದ ಬಂತು? ಉಕ್ಕಿನ ತಗಡು 1 ಮಿ.ಮೀ. ದಪ್ಪವಿದ್ದರೆ ಚದರ ಮೀಟರಿಗೆ 7.85 ಕೆಜಿ, 0.5 ಮಿ.ಮೀ. ಇದ್ದರೆ 3.93 ಕೆಜಿ. ಚಾವಣಿ ಪ್ಯಾನೆಲ್‌ನ ಮೇಲಿನ ತಗಡಿಗೆ ಉಬ್ಬುಗೆರೆಗಳಿರುತ್ತವೆ. 1 ಮೀಟರ್ ಅಗಲ ಮುಚ್ಚಲು ಸುಮಾರು 1.2 ಮೀಟರ್ ತಗಡು ಬೇಕು, ಆದ್ದರಿಂದ ಮೇಲಿನದು 4.7 ಕೆಜಿ, ಕೆಳಗಿನದು 3.93. ನೊರೆಯ ಸಾಂದ್ರತೆ ಘನ ಮೀಟರಿಗೆ 40 ಕೆಜಿ ಎಂದರೆ 50 ಮಿ.ಮೀ.ಗೆ 2 ಕೆಜಿ. ಒಟ್ಟು 10.6. ಇದು ಬಣ್ಣ, ಲೇಪ ಸೇರಿಸದೆ ಬರೀ ಉಕ್ಕೇ 0.5 ಮಿ.ಮೀ. ಇದ್ದಾಗಿನ ಲೆಕ್ಕ. ಮಾರುವವರು ಬಣ್ಣ, ಲೇಪ ಎಲ್ಲ ಸೇರಿಸಿ 0.5 ಎನ್ನುತ್ತಿದ್ದರೆ ತಗಡಿನ ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ, ಏಕೆಂದರೆ ಲೇಪ ಉಕ್ಕಿಗಿಂತ ಹಗುರ. ಆಗ ಒಟ್ಟು 9.7ರ ಆಸುಪಾಸು. ಎರಡರ ನಡುವೆ ಚದರ ಮೀಟರಿಗೆ 10 ಕೆಜಿ ಹಿಡಿದರೆ 28 ಚದರ ಮೀಟರಿಗೆ 280. ಯಾವ 0.5 ಎಂದು ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಷ್ಟು ಗೊತ್ತಿದ್ದರೆ ಒಂದು ಪ್ಯಾನೆಲ್ ತೂಗಿದರೆ ಸಾಕು. 1 ಮೀಟರ್ ಅಗಲ, 6 ಮೀಟರ್ ಉದ್ದದ ಪ್ಯಾನೆಲ್ 58ರಿಂದ 64 ಕೆಜಿ ತೂಗಬೇಕು. 0.35 ಮಿ.ಮೀ. ತಗಡು ಹಾಕಿ 0.5 ಎಂದು ಮಾರಿದ್ದರೆ 48 ಕೆಜಿ ದಾಟುವುದಿಲ್ಲ, 43ಕ್ಕೂ ಇಳಿಯಬಹುದು. ಹತ್ತು ಕೆಜಿಗಿಂತ ಹೆಚ್ಚಿನ ಈ ವ್ಯತ್ಯಾಸ ಮೆಣಸಿನಕಾಯಿ ಚೀಲ ತೂಗುವ ಕಾಟಾದಲ್ಲೂ ಕಾಣುತ್ತದೆ. ತೂಗುವಾಗ ಪ್ಯಾನೆಲ್ ಒಣಗಿರಲಿ, ಕಾಟಾದ ತಟ್ಟೆಯ ಆಚೆ ಎಲ್ಲೂ ನೆಲಕ್ಕೆ ತಾಗದಂತೆ ನಡುವೆ ಮರದ ತುಂಡಿಟ್ಟು ಮೇಲೇರಿಸಿ. ಪೂರ್ತಿ ಲೋಡು ತೂಗಿಸುವುದಾದರೆ ಖಾಲಿ ಗಾಡಿಯನ್ನೂ ಅದೇ ಕಾಟಾದಲ್ಲಿ, ಅದೇ ದಿನ ತೂಗಿಸಿ.

ನೊರೆಯ ಮೋಸ ಮಾತ್ರ ಈ ತೂಕದಲ್ಲಿ ಸಿಗುವುದಿಲ್ಲ. 40ರ ಬದಲು 30ರ ಸಾಂದ್ರತೆ ಹಾಕಿದರೆ ಇಡೀ ಪ್ಯಾನೆಲ್‌ನಲ್ಲಿ ಕಡಿಮೆಯಾಗುವುದು 3 ಕೆಜಿ ಅಷ್ಟೇ, ಅದು ತಗಡಿನ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಇದಕ್ಕೆ ಬೇರೆ ಉಪಾಯ ಬೇಕು. ಕತ್ತರಿಸಿ ಉಳಿದ ತುಂಡಿನಿಂದ ತಗಡು ಬಿಡಿಸಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ನೊರೆ ಕೊಯ್ದು ಬಂಗಾರದ ಅಂಗಡಿಯ ತಕ್ಕಡಿಗೆ ಹಾಕಿಸಿ. 20 ಗ್ರಾಂ ಬಂದರೆ ಸಾಂದ್ರತೆ 40, 15 ಗ್ರಾಂ ಬಂದರೆ 30. ಹಗುರ ನೊರೆ ಕಾಲಿಟ್ಟಲ್ಲಿ ಕುಸಿಯುತ್ತದೆ, ತಗಡಿನಿಂದ ಬೇಗ ಬಿಟ್ಟುಕೊಳ್ಳುತ್ತದೆ.

ಅಂದಾಜಿನಲ್ಲಿ ಹೆಚ್ಚಿನವರು ಮರೆಯುವುದು ಕಬ್ಬಿಣದ ಚೌಕಟ್ಟು. 50×50 ಮಿ.ಮೀ., 2.5 ಮಿ.ಮೀ. ದಪ್ಪದ ಚೌಕ ಪೈಪು ಮೀಟರಿಗೆ ಸುಮಾರು 3.6 ಕೆಜಿ. 1.2 ಮೀಟರ್ ಅಂತರಕ್ಕೊಂದು ಅಡ್ಡಪೈಪು ಕೂರಿಸಿದರೆ ಅದೊಂದೇ ಚದರ ಮೀಟರಿಗೆ 3 ಕೆಜಿ. ಅದನ್ನು ಹೊರುವ ದೊಡ್ಡ ಪೈಪು, ಪ್ಲೇಟು, ಬೋಲ್ಟು ಸೇರಿದರೆ ಚೌಕಟ್ಟು 8 ಕೆಜಿ ಆಸುಪಾಸಿಗೆ ಬರುತ್ತದೆ, ಅಂದರೆ ಪ್ಯಾನೆಲ್‌ಗೆ ಹತ್ತಿರ ಹತ್ತಿರ ಸಮ. ಮೇಲೆ ಹತ್ತುವ ಜನರ ಭಾರ ಬೇರೆ. ರಿಪೇರಿಗಷ್ಟೇ ಹತ್ತುವ, ಇಳಿಜಾರು ಕಡಿಮೆಯಿರುವ ಚಾವಣಿಗೆ ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನದಂಡ ಐಎಸ್ 875ರ 2ನೇ ಭಾಗ ಚದರ ಮೀಟರಿಗೆ ಸುಮಾರು 75 ಕೆಜಿ ಹಿಡಿಯಲು ಹೇಳುತ್ತದೆ. ಪೈಪಿನ ಗಾತ್ರ ತೀರ್ಮಾನವಾಗಬೇಕಾದದ್ದು ಅದರ ಮೇಲೆ, ಪ್ಯಾನೆಲ್‌ನ 10 ಕೆಜಿ ಮೇಲಲ್ಲ.

ಇನ್ನು ಗಾಳಿ. ಇಷ್ಟು ಹಗುರದ ಚಾವಣಿಗೆ ಮೇಲಿನ ಭಾರಕ್ಕಿಂತ ಕೆಳಗಿನಿಂದ ಎತ್ತುವ ಗಾಳಿಯೇ ಅಪಾಯ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ತಗಡು ಹಾರಿಹೋಗುವುದನ್ನು ಈ ಸೀಮೆಯವರಿಗೆ ಹೇಳಬೇಕಿಲ್ಲ. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 55 ಕೆಜಿ. ಅಷ್ಟೂ ಮೇಲಕ್ಕೆ ಎತ್ತಿತು ಎನ್ನಿ. ಪ್ಯಾನೆಲ್, ಚೌಕಟ್ಟಿನ 18 ಕೆಜಿ ಕಳೆದರೆ 37 ಉಳಿಯಿತು. 28 ಚದರ ಮೀಟರಿಗೆ ಒಂದು ಟನ್‌ಗೂ ಮಿಕ್ಕಿದ ಎಳೆತ. ಅಂಚು, ಮೂಲೆಗಳಲ್ಲಿ ಇದು ಇನ್ನೂ ಹೆಚ್ಚು, ಬಾಗಿಲು ತೆರೆದಿದ್ದರೆ ಮತ್ತೂ ಹೆಚ್ಚು. ವಿನ್ಯಾಸದ ಲೆಕ್ಕವನ್ನು ಐಎಸ್ 875ರ 3ನೇ ಭಾಗ ನೋಡಿ ಎಂಜಿನಿಯರ್ ಮಾಡಬೇಕು, ಇದು ಅಳತೆ ತಿಳಿಯಲು ಮಾತ್ರ.

ಹಾಗಾಗಿ ಗೋಡೆಯ ತಲೆಗೆ ಕಾಂಕ್ರೀಟ್ ಬೆಲ್ಟ್ ಹಾಕದೆ ಈ ಚಾವಣಿ ಬೇಡ. 9 ಇಂಚು ಅಗಲ, 6 ಇಂಚು ಎತ್ತರದ ಬೆಲ್ಟ್ ಮೀಟರಿಗೆ 86 ಕೆಜಿ. 20×15 ಅಡಿ ಕೋಣೆಯ ಸುತ್ತ 21 ಮೀಟರ್ ಹಾಕಿದರೆ 1.8 ಟನ್. ಆ ಒಂದು ಟನ್ ಎಳೆತವನ್ನು ಹಿಡಿಯುವ ಭಾರ ಅಲ್ಲಿ ಸಿಗುತ್ತದೆ, ಆದರೆ ಆ್ಯಂಕರ್ ಬೋಲ್ಟು ಬೆಲ್ಟಿನ ಕಂಬಿಯೊಳಗೆ ಕೂತಿದ್ದರೆ ಮಾತ್ರ. ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಆ ಗೋಡೆಯ ಮೇಲ್ಸಾಲಿನ ಕಲ್ಲುಗಳನ್ನು ಇಷ್ಟು ದಿನ ಒತ್ತಿ ಹಿಡಿದಿದ್ದದ್ದೇ ಮಾಳಿಗೆಯ ಭಾರ. ಅದನ್ನು ಇಳಿಸಿದ ಮೇಲೆ ಕಲ್ಲು ಸಡಿಲವಾಗುತ್ತವೆ, ಅವಕ್ಕೆ ಬೋಲ್ಟು ಹೊಡೆದರೆ ಗಾಳಿಗೆ ಚಾವಣಿ ಕಲ್ಲಿನ ಸಮೇತ ಕಿತ್ತುಬರುತ್ತದೆ.

ಗಣಿ, ಉಕ್ಕಿನ ಕಾರ್ಖಾನೆಗಳಿರುವ ತೋರಣಗಲ್ಲು, ಸಂಡೂರು, ಗಿಣಿಗೇರಿ ಕಡೆಯವರಿಗೆ ದೂಳಿನ ಲೆಕ್ಕ ಬೇರೆ. 15×15 ಸೆಂ.ಮೀ.ನ 6 ಮೀಟರ್ ನೀರ್ದೋಣಿ ಕೆಸರು ತುಂಬಿ ಕಟ್ಟಿಕೊಂಡರೆ, ಸಾಧಾರಣ ಮಣ್ಣೆಂದು ಹಿಡಿದರೂ 240 ಕೆಜಿ ಆಗುತ್ತದೆ. ಅದಿರಿನ ದೂಳು ಅದಕ್ಕಿಂತ ಭಾರ. ಇಡೀ ಚಾವಣಿಯ ಪ್ಯಾನೆಲ್‌ಗಳ ತೂಕಕ್ಕೆ ಹತ್ತಿರದಷ್ಟು ಭಾರ ಒಂದೇ ಅಂಚಿನಲ್ಲಿ ಜೋತುಬಿದ್ದಂತೆ. ದೋಣಿಗೆ 60 ಸೆಂ.ಮೀ.ಗೊಂದು ಬ್ರಾಕೆಟ್ ಹಾಕಿಸಿ, ಬ್ರಾಕೆಟ್ ಪೈಪಿಗೆ ಕೂರಲಿ, ಪ್ಯಾನೆಲ್ ತುದಿಗೆ ಬೇಡ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಕೆಸರು ಬಳಿದು ತೆಗೆಸಿ.

ಕೂರಿಸುವಾಗ ಗ್ರೈಂಡರಿನಲ್ಲಿ ಕೊಯ್ಯಲು ಬಿಡಬೇಡಿ. ಕಾದ ಕಿಡಿ ಬಣ್ಣದ ಮೇಲೆ ಅಂಟಿ, ಮೊದಲ ಮಳೆಗೇ ತುಕ್ಕಿನ ಚುಕ್ಕೆ ಏಳುತ್ತದೆ. ಜಿಗ್ ಸಾ (ಮೇಲೆ ಕೆಳಗೆ ಆಡುವ ಸಣ್ಣ ವಿದ್ಯುತ್ ಗರಗಸ) ಸಾಕು. ಸ್ಕ್ರೂ ಉಬ್ಬುಗೆರೆಯ ಮೇಲೆಯೇ ಬೀಳಲಿ, ರಬ್ಬರ್ ವಾಷರ್ ಸ್ವಲ್ಪ ಒತ್ತಿದ ಕೂಡಲೇ ನಿಲ್ಲಿಸಿ. ಹೆಚ್ಚು ಬಿಗಿದರೆ ತಗಡು ತಗ್ಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಒಲೆ ಉರಿಸುವ ಅಡುಗೆಮನೆಗೆ ಈ ನೊರೆ ಬೇಡವೇ ಬೇಡ, ಬೆಂಕಿ ತಗುಲಿದರೆ ವಿಷದ ಹೊಗೆ ಬರುತ್ತದೆ. ಅಲ್ಲಿಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಎಳೆ) ತುಂಬಿದ ಪ್ಯಾನೆಲ್ ತನ್ನಿ. ಘನ ಮೀಟರಿಗೆ 100 ಕೆಜಿ ಸಾಂದ್ರತೆಯದಾದರೆ ಚದರ ಮೀಟರಿಗೆ 3 ಕೆಜಿ ಹೆಚ್ಚು ಹಿಡಿದು ಪೈಪಿನ ಲೆಕ್ಕ ಮಾಡಿಸಿ.